ಪುಸ್ತಕ ಬಳಗ ಮುಂದೆ ಏನು ಓದಬೇಕು?

ನಮ್ಮ ಕಾಲೇಜಿನ ಪುಸ್ತಕ ಬಳಗದಲ್ಲಿ ಈ ವರ್ಷ ಓದಿದವುಗಳಲ್ಲಿ ಹೆಚ್ಚಿನವು ಶ್ರೀಮಂತರಾಗುವುದು ಹೇಗೆ, ಬೆಳಿಗ್ಗೆ ಐದಕ್ಕೆ ಏಳುವುದು ಹೇಗೆ ಎಂದು ಹೇಳುವ ಪುಸ್ತಕಗಳು. ನಾನೂ ಓದಿದ್ದೇನೆ, ಬೇಡವೆನ್ನುವುದಿಲ್ಲ. (ಐದಕ್ಕೆ ಏಳಲು ಫಜರ್ ಅಜಾನ್ ಸಾಕು, ಪುಸ್ತಕ ಬೇಕಿಲ್ಲ.) ಆದರೆ ಮುಂದೆ ಪುಸ್ತಕ ಆರಿಸುವಾಗ ಕಳೆದ ಐವತ್ತು ವರ್ಷಗಳ ಕಾಲವನ್ನು ತೋರಿಸುವ ಕಾದಂಬರಿ, ಆತ್ಮಕಥೆಗಳನ್ನು ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಕಾಮರ್ಸ್‌ನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡ ನನ್ನಂಥವರಿಗೆ ಇತಿಹಾಸ ಹತ್ತನೇ ತರಗತಿಗೇ ಮುಗಿದಿದೆ. ಅಲ್ಲಿಯೂ 1947ರವರೆಗೆ ನಿಧಾನವಾಗಿ ಬಂದು, ಆಮೇಲಿನದನ್ನು ಪರೀಕ್ಷೆ ಹತ್ತಿರ ಬಂತೆಂದು ಓಡಿಸಿದ್ದೇ ಹೆಚ್ಚು. ಈಗ ಆ ಪಾಠ ಮಾಡುತ್ತಿರುವುದು ರೀಲ್ಸ್‌ಗಳು. ಮುಂದಿನ ವರ್ಷ ನಮ್ಮಲ್ಲಿ ಬಹಳ ಜನ ಮತ ಹಾಕುವವರು.

ಮೊದಲ ಪುಸ್ತಕ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಆಗಲಿ. 1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಕಾಸರಗೋಡು ಕಡೆಯ ನಾದಿರಾ ಅಪ್ಪನ ಹಠದಿಂದ ಗಂಡನಿಂದ ಬೇರೆಯಾಗುತ್ತಾಳೆ. ಮತ್ತೆ ಅವನನ್ನು ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನನ್ನು ಮದುವೆಯಾಗಬೇಕು. ಕೊನೆ ಹೇಳುವುದಿಲ್ಲ, ಓದಿ.

ಕಾದಂಬರಿ ಬಂದು ಕೆಲವೇ ವರ್ಷಗಳಲ್ಲಿ, 1985ರ ಏಪ್ರಿಲ್‌ನಲ್ಲಿ, ಶಾ ಬಾನೊ ಪ್ರಕರಣದ ತೀರ್ಪು ಬಂತು. ಇಂದೋರಿನ ಆ ವೃದ್ಧೆಗೆ ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಲೆಕ್ಕಶಾಸ್ತ್ರ ಓದುವ ನಾನು ಆ ಮೊತ್ತವನ್ನು ಮತ್ತೆ ಮತ್ತೆ ನೋಡಿದೆ. ಅಷ್ಟಕ್ಕಾಗಿ ದೇಶವೆಲ್ಲ ಗದ್ದಲವಾಗಿ, 1986ರಲ್ಲಿ ಸಂಸತ್ತು ಬೇರೆ ಕಾನೂನನ್ನೇ ಮಾಡಿತು. 2017ರಲ್ಲಿ ಒಂದೇ ಸಲಕ್ಕೆ ಹೇಳುವ ಮೂರು ತಲಾಖ್ ಅಸಿಂಧು ಎಂಬ ತೀರ್ಪು, 2019ರಲ್ಲಿ ಅದನ್ನು ಅಪರಾಧ ಮಾಡಿದ ಕಾನೂನು. ಬರೀ ಇಸವಿ ಓದಿದರೆ ನಾಳೆಗೆ ಮರೆಯುತ್ತದೆ. ನಾದಿರಾಳ ಕಥೆ ಗೊತ್ತಿದ್ದರೆ ಮರೆಯುವುದಿಲ್ಲ.

"ನಮ್ಮ ಮನೆ ಮಾತನ್ನು ನಾವೇ ಬೀದಿಗೆ ತರುವುದೇಕೆ?" ಎಂದು ಬಳಗದ ಗೆಳತಿಯೊಬ್ಬಳು ಕೇಳಿದಳು. ಅವಳ ಅಂಜಿಕೆ ಸುಳ್ಳಲ್ಲ. ಇಂಥ ಕಥೆ ಹಿಡಿದು ನಮ್ಮನ್ನು ಹಂಗಿಸುವವರು ಇದ್ದಾರೆ. ಆದರೆ ನಾವು ಓದದಿದ್ದರೆ ಅದರ ಬಗ್ಗೆ ಮಾತಾಡುವವರು ಅವರೊಬ್ಬರೇ ಆಗುತ್ತಾರೆ. ಮೊದಲೇ ಮಾತಾಡಿಕೊಂಡು ಮಾಡುವ ಅಂಥ ಮದುವೆಯನ್ನು ಹದೀಸ್‌ನಲ್ಲೇ ಖಂಡಿಸಲಾಗಿದೆ. ಇದನ್ನು ವಿವರಿಸಲು ದೀನಿಯಾತ್ ಉಸ್ತಾದರನ್ನು ಆ ದಿನ ಕರೆಯೋಣ.

ನಮ್ಮ ನಾನಿಗೆ ಕನ್ನಡ ಓದಲು ಬರುವುದಿಲ್ಲ. ರಾತ್ರಿ ಊಟವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕಥೆಯನ್ನು ಉರ್ದುವಿನಲ್ಲಿ ಹೇಳಿದೆ. ಮೂರನೇ ದಿನ ಅವರೇ ತಮ್ಮ ಗಲ್ಲಿಯ ಒಬ್ಬರ ಕಥೆ ಶುರು ಮಾಡಿದರು. ಶಾ ಬಾನೊ ಹೆಸರು ಅವರಿಗೆ ನೆನಪಿತ್ತು. ಆ ವರ್ಷ ಮನೆಯ ಗಂಡಸರೆಲ್ಲ ಸಭೆಗಳಿಗೆ ಹೋಗುತ್ತಿದ್ದರಂತೆ, "ನಮ್ಮನ್ನು ಯಾರು ಕೇಳಿದರು ಬೇಟಾ?" ಎಂದರು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಇದನ್ನು ಕೇಳಿರಲಿಲ್ಲ. ಆದ್ದರಿಂದ ಪುಸ್ತಕ ಓದಿದ ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರನ್ನು ಕೇಳಿ, ಒಂದು ಪುಟ ಬರೆದು ತರಬೇಕೆಂಬ ನಿಯಮವಿರಲಿ. ಉರ್ದು, ಬ್ಯಾರಿ, ಕನ್ನಡ, ಯಾವ ಭಾಷೆಯಾದರೂ ಸರಿ.

ಎರಡನೆಯದಾಗಿ ಸಿದ್ಧಲಿಂಗಯ್ಯನವರ 'ಊರುಕೇರಿ' ಓದಬಹುದು. ದಲಿತರ ಬದುಕು, ಚಳವಳಿಯ ದಿನಗಳು ಅದರಲ್ಲಿವೆ, ನಗುವೂ ಇದೆ. ಮೂರನೆಯದನ್ನು ಪ್ರಥಮ ಪಿಯುಸಿಯವರು ಹೇಳಲಿ.

ಪ್ರಾಂಶುಪಾಲರಲ್ಲಿ ನನ್ನ ವಿನಂತಿ: ಶನಿವಾರದ ಕೊನೆಯ ಪೀರಿಯಡ್ ಮತ್ತು ಐದು ಪ್ರತಿ. ಗ್ರಂಥಾಲಯದಲ್ಲಿ 'ಚಂದ್ರಗಿರಿಯ ತೀರದಲ್ಲಿ' ಈಗ ಇರುವುದು ಒಂದೇ. ಅದು ನನ್ನ ಹತ್ತಿರವಿದೆ, ಸೋಮವಾರ ಹಿಂದಿರುಗಿಸುತ್ತೇನೆ.