ದಾರಿ ಬಿಡುವ ದೊಡ್ಡತನ

ಹಳ್ಳಿಯಿಂದ ಪ್ರೌಢಶಾಲೆ ನಾಲ್ಕೈದು ಕಿಲೋಮೀಟರು ದೂರವಿರುವಲ್ಲಿ ಸೈಕಲ್ಲೇ ವಿದ್ಯೆಯ ಬಾಗಿಲನ್ನು ತೆರೆಯುವ ಕೀಲಿಕೈ. ಇದನ್ನು ಮನಗಂಡೇ ಕರ್ನಾಟಕ ಸರ್ಕಾರವು 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಹಾವಳಿಯ ತರುವಾಯ ಆ ವಿತರಣೆ ನಿಂತಿತಾದರೂ, ಅಷ್ಟರೊಳಗೆ ಲಕ್ಷಾಂತರ ಮಕ್ಕಳು ಅದರ ಫಲವನ್ನುಂಡಿದ್ದರು. ಬಸ್ಸಿನ ದಾರಿ ಕಾಯದೆ, ಯಾರ ಹಂಗೂ ಇಲ್ಲದೆ ಶಾಲೆಗೆ ಬರುವ ಸ್ವಾತಂತ್ರ್ಯವು ಹೆಣ್ಣುಮಕ್ಕಳಿಗೆ ವಿಶೇಷವಾಗಿ ದೊರೆಯಿತು.

ಆದರೆ ಸೈಕಲ್ಲನ್ನು ಕೊಟ್ಟ ಮಾತ್ರಕ್ಕೆ ದಾರಿಯನ್ನು ಕೊಟ್ಟಂತಾಗುವುದಿಲ್ಲ. ಕಬ್ಬಿನ ಹಂಗಾಮಿನ ಒಂದು ಮುಂಜಾನೆಯನ್ನು ನೆನೆದರೆ ಸಾಕು. ಒಂದೇ ವಾಹನ ಹಿಡಿಸುವಷ್ಟು ಅಗಲದ ಡಾಂಬರು ರಸ್ತೆ. ಎದುರಿನಿಂದ ಎರಡು ಟ್ರೇಲರು ಕಬ್ಬನ್ನು ಎಳೆದು ತರುವ ಟ್ರ್ಯಾಕ್ಟರು. ಹಿಂದಿನಿಂದ ಎಡೆಬಿಡದೆ ಹಾರನ್ನು ಮೊಳಗಿಸುವ ಬಸ್ಸು. ನಡುವೆ ಸಿಲುಕಿದ ಬಾಲಕಿ ಡಾಂಬರಿನ ಅಂಚಿನಿಂದ ಗೇಣುದ್ದ ಕೆಳಗಿರುವ ಗರಸಿನ ಮೇಲೆ ಸೈಕಲ್ಲನ್ನು ಇಳಿಸುತ್ತಾಳೆ. ಗಾಲಿ ಜಾರಿದರೆ ಬೀಳುವುದು ಗಟಾರಕ್ಕೋ ಬಸ್ಸಿನ ಕಡೆಗೋ ಎಂಬುದು ದೈವಾಧೀನ. ಇಂತಹ ಒಂದೆರಡು ಘಟನೆಗಳ ಸುದ್ದಿ ಮನೆಗೆ ಮುಟ್ಟಿದರೆ ತಂದೆತಾಯಿಗಳು ಅಂಜಿ ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ಆ ಗೋಡೆಗೆ ಒರಗುವುದು ಬಾಲಕಿಯ ವಿದ್ಯೆಯೂ ಹೌದು. ರಸ್ತೆಯ ಮೇಲಿನ ಸೌಜನ್ಯವನ್ನು ಬರಿಯ ಶಿಷ್ಟಾಚಾರವೆಂದು ಬಗೆಯುವವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚಾಲಕರದ್ದೂ ಒಂದು ವಾದವಿದೆ. ಸಮಯಕ್ಕೆ ಸರಿಯಾಗಿ ನಿಲ್ದಾಣ ಮುಟ್ಟದಿದ್ದರೆ ಮೇಲಿನವರ ಪ್ರಶ್ನೆ, ಪ್ರಯಾಣಿಕರ ಗೊಣಗಾಟ. ಸೈಕಲ್ಲಿನ ಬೆನ್ನಹಿಂದೆ ತೆವಳುತ್ತಾ ಹೋಗಲು ಸಾಧ್ಯವೇ ಎಂಬುದು ಅವರ ಕೇಳಿಕೆ. ಈ ಮಾತನ್ನು ತಳ್ಳಿಹಾಕದೆ ಲೆಕ್ಕ ಹಾಕಿ ನೋಡುವುದು ಒಳಿತು. ಗಂಟೆಗೆ 15 ಕಿಲೋಮೀಟರು ವೇಗದ ಸೈಕಲ್ಲಿನ ಹಿಂದೆ 200 ಮೀಟರು ದೂರ ಸಾಗಲು 48 ಸೆಕೆಂಡು ಬೇಕು. ಅದೇ ದೂರವನ್ನು 40 ಕಿಲೋಮೀಟರು ವೇಗದಲ್ಲಿ 18 ಸೆಕೆಂಡಿನಲ್ಲಿ ಕ್ರಮಿಸಬಹುದು. ರಸ್ತೆ ಅಗಲವಾಗುವವರೆಗೆ ತಾಳಿಕೊಂಡ ಚಾಲಕನು ಕಳೆದುಕೊಳ್ಳುವುದು ಅರ್ಧ ನಿಮಿಷ ಮಾತ್ರ. ಬಾಲಕಿಯು ಕಳೆದುಕೊಳ್ಳಬಹುದಾದುದು ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಇನ್ನು ವೇಗ ಎರಡರಷ್ಟಾದರೆ ಚಲಿಸುವ ವಾಹನದ ಶಕ್ತಿ ನಾಲ್ಕರಷ್ಟಾಗುತ್ತದೆಂಬುದು ಭೌತಶಾಸ್ತ್ರದ ಪ್ರಾಥಮಿಕ ಪಾಠ. ಆದುದರಿಂದ ಯಾರ ಕೈಯಲ್ಲಿ ಹೆಚ್ಚು ತೂಕ, ಹೆಚ್ಚು ವೇಗಗಳಿವೆಯೋ ಅವರೇ ಮೊದಲು ತಾಳಬೇಕು. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಮೊದಲಾದವರ ವಿಷಯದಲ್ಲಿ ಚಾಲಕರು ವಿಶೇಷ ಎಚ್ಚರ ವಹಿಸಬೇಕೆಂದು ವಿಧಿಸಿದೆ.

ಹಾಗೆಂದು ಸೈಕಲ್ ಸವಾರನು ನಿರ್ದೋಷಿಯೆಂದು ಭಾವಿಸಬಾರದು. ಶಾಲೆಯ ಗಂಟೆ ಬಾರಿಸಿದೊಡನೆ ಮೂವರು ನಾಲ್ವರು ಸಾಲಾಗಿ ರಸ್ತೆಯ ತುಂಬ ಹರಟುತ್ತಾ ಹೋಗುವುದು, ಕೈಸನ್ನೆಯಿಲ್ಲದೆ ಥಟ್ಟನೆ ಬಲಕ್ಕೆ ತಿರುಗುವುದು, ಹತ್ತಿರವಾಗುತ್ತದೆಂದು ಬಲಬದಿಯಲ್ಲಿಯೇ ಎದುರುಗೊಂಡು ಬರುವುದು, ಕತ್ತಲಾದ ಮೇಲೂ ದೀಪವಿಲ್ಲದೆ ಸಾಗುವುದು — ಇವು ನಿತ್ಯ ಕಾಣುವ ದೋಷಗಳು. ಹಿಂದೆ ಪುರಸಭೆಗಳು ಸೈಕಲ್ಲಿಗೂ ತೆರಿಗೆ ವಿಧಿಸಿ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದ ಸವಾರನನ್ನು ಪೊಲೀಸರು ತಡೆದು ಇಳಿಸುತ್ತಿದ್ದರು. ಆ ಬಿಲ್ಲೆ ಹೋಯಿತು. ಅದರೊಡನೆ ಹೊಣೆಯೂ ಹೋಗಬೇಕಾಗಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಬಸ್ಸಿನ ಮುಂದೆ ದುರ್ಬಲನಾದ ಸವಾರನೇ ಸಂತೆಯ ದಿನ ಬುಟ್ಟಿ ಹೊತ್ತು ನಡೆಯುವ ಮುದುಕಿಯ ಮುಂದೆ ಬಲಶಾಲಿ. ಬಸ್ಸು ತನ್ನನ್ನು ಗರಸಿಗೆ ಇಳಿಸಿತೆಂದು ಸಿಡಿಮಿಡಿಗೊಂಡವನು, ಅದೇ ಗಳಿಗೆಯಲ್ಲಿ ಗಂಟೆ ಬಾರಿಸುತ್ತಾ ಆಕೆಯನ್ನು ಪಕ್ಕಕ್ಕೆ ಸರಿಸುತ್ತಾನೆ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ 32,825 ಜನ ಪಾದಚಾರಿಗಳೆಂಬುದನ್ನು ಕೇಂದ್ರ ಸರ್ಕಾರದ ವರದಿಯೇ ತಿಳಿಸುತ್ತದೆ. ತನಗಿಂತ ದೊಡ್ಡವನಿಂದ ಬಯಸಿದ ತಾಳ್ಮೆಯನ್ನು ತನಗಿಂತ ಚಿಕ್ಕವನಿಗೆ ಕೊಡದವನು ಕೇಳುವುದು ನ್ಯಾಯವನ್ನಲ್ಲ, ತನ್ನ ಅನುಕೂಲವನ್ನು.

ಸೈಕಲ್ಲಿಗೆಂದೇ ಬೇರೆ ಪಥ ನಿರ್ಮಿಸುವುದೇ ಪರಿಹಾರವೆಂದು ಹಲವರು ಹೇಳುತ್ತಾರೆ. ನಗರಗಳಲ್ಲಿ ಅದು ಆಗಲೇಬೇಕಾದ ಕಾರ್ಯ. ಆದರೆ ಎರಡೂ ಬದಿಗೆ ಹೊಲಗಳಿರುವ ಹಳ್ಳಿಯ ರಸ್ತೆಗೆ ಅಂತಹ ಪಥ ಬರುವವರೆಗೆ ಬೆಳೆಯುವ ಮಕ್ಕಳು ಕಾದು ಕೂರಲಾರರು. ಅಲ್ಲಿಯವರೆಗೆ ಇರುವ ಒಂದೇ ರಸ್ತೆಯನ್ನು ಎಲ್ಲರೂ ಹಂಚಿಕೊಂಡು ಬಾಳಬೇಕು.

ಈ ಶಿಕ್ಷಣ ಆರಂಭವಾಗಬೇಕಾದ ತಾಣ ಶಾಲೆಯ ಹೆಬ್ಬಾಗಿಲು. ಗುಂಪಾಗಿ ಹೊರಡುವ ಮಕ್ಕಳನ್ನು ಒಬ್ಬರ ಹಿಂದೊಬ್ಬರಾಗಿ ಬಿಡುವುದು, ಬ್ರೇಕು ಹಾಗೂ ಗಂಟೆಗಳನ್ನು ತಿಂಗಳಿಗೊಮ್ಮೆ ನೋಡುವುದು, ಕೈಸನ್ನೆಯನ್ನು ಆಟದ ಅವಧಿಯಲ್ಲಿ ಕಲಿಸುವುದು — ಇವುಗಳಿಗೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ಇಂದು ಸೈಕಲ್ ತುಳಿಯುವ ಬಾಲಕನೇ ನಾಳೆ ಬಸ್ಸಿನ, ಲಾರಿಯ, ಟ್ರ್ಯಾಕ್ಟರಿನ ಚಾಲಕನಾಗುತ್ತಾನೆ. ಮುದುಕಿಗಾಗಿ ಸೈಕಲ್ಲಿನಿಂದ ಇಳಿದು ನಿಲ್ಲುವುದನ್ನು ಕಲಿತವನು, ಮುಂದೊಂದು ದಿನ ಶಾಲೆಗೆ ಹೊರಟ ಮಗುವಿನ ಹಿಂದೆ ಹಾರನ್ನು ಒತ್ತದೆ ಅರ್ಧ ನಿಮಿಷ ಕಾಯಬಲ್ಲನು. ತಾಳಿದವನು ಬಾಳಿಯಾನು ಎಂಬುದು ಹಿರಿಯರ ಮಾತು. ರಸ್ತೆಯ ಮೇಲೆ ಒಬ್ಬನು ತಾಳಿದರೆ ಇನ್ನೊಬ್ಬರೂ ಬಾಳುತ್ತಾರೆ.