ತಕ್ಕಡಿ ಹಿಡಿದವರ ಮಗ
2014ರಲ್ಲಿ ಬೆಂಗಳೂರಿನ ಸ್ಟುವರ್ಟ್ ಬಿನ್ನಿಯವರು ಭಾರತದ ಕ್ರಿಕೆಟ್ ತಂಡದಲ್ಲಿ ಆಡತೊಡಗಿದಾಗ, ಅವರ ತಂದೆ ರೋಜರ್ ಬಿನ್ನಿಯವರು ಆಯ್ಕೆ ಸಮಿತಿಯ ಸದಸ್ಯರಾಗಿದ್ದರು. ಮಗನ ಹೆಸರು ಚರ್ಚೆಗೆ ಬಂದಾಗ ತಂದೆ ಹೊರನಡೆಯುತ್ತಿದ್ದರೆಂದು ಹೇಳಲಾಯಿತು. ಅದೇ ವರ್ಷ ಬಾಂಗ್ಲಾದೇಶದ ವಿರುದ್ಧ ಮಗ ಕೇವಲ 4 ರನ್ನಿಗೆ 6 ವಿಕೆಟ್ ಉರುಳಿಸಿದರು. ಆದರೂ ಅಪವಾದ ಅಳಿಯಲಿಲ್ಲ. ಪಕ್ಷಪಾತದ ಸಂಶಯವು ಕೈಬಿಡಲ್ಪಟ್ಟವನನ್ನಷ್ಟೇ ಅಲ್ಲ, ಆಯ್ಕೆಯಾದ ಅರ್ಹನನ್ನೂ ಸುಡುತ್ತದೆ.

ಹೀಗಿರಲು, ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ, ಶುಲ್ಕ ಪಡೆದು ಖಾಸಗಿಯಾಗಿ ಕಲಿಸುವ ತರಬೇತುದಾರನೇ ಕಾಲೇಜು ತಂಡವನ್ನೂ ಆರಿಸಿದರೆ ಅದೆಂತಹ ನ್ಯಾಯ? ಆತ ಪ್ರಾಮಾಣಿಕನೇ ಇರಬಹುದು. ಆದರೆ ಪ್ರಾಮಾಣಿಕ ವರ್ತಕನೂ ಗ್ರಾಹಕನ ಕಣ್ಣೆದುರೇ ತೂಗಬೇಕೆಂಬುದು ಪೇಟೆಯ ಧರ್ಮ. ಆತ ಆಯ್ಕೆಯಿಂದ ದೂರವಿರಲಿ. ಪ್ರತಿ ಆಟಗಾರನ ಅಂಕಗಳು ಸೂಚನಾಫಲಕವನ್ನೇರಲಿ.