ರಿಪೋರ್ಟ್ ಅಪ್ಪನದು, ಅಪ್ಪನಿಗೇ ಕೊಡಿ

ಅಪ್ಪನ ಪ್ರಾಸ್ಟೇಟ್ ಬಯಾಪ್ಸಿ ರಿಪೋರ್ಟ್ ಮೊದಲು ಬರೋದು ನಿಮ್ಮ ವಾಟ್ಸಾಪ್‌ಗೆ. ತೆರೆದರೆ 'ಅಡಿನೋಕಾರ್ಸಿನೋಮಾ' ಅನ್ನೋ ಪದ. ಆಮೇಲೆ ಅಡುಗೆಮನೆಯಲ್ಲಿ ಗುಸುಗುಸು, ಟಿವಿ ಮುಂದೆ ಕೂತ ಅಪ್ಪನಿಗೆ ಮಾತ್ರ "ಏನಿಲ್ಲಪ್ಪಾ, ಸ್ವಲ್ಪ ಇನ್ಫೆಕ್ಷನ್ ಅಂತೆ."

ಇದು ಪ್ರೀತಿಯೇ. ಆದರೂ ಹೀಗೆ ಮುಚ್ಚಿಡೋದು ಸರಿಯಲ್ಲ ಅಂತ ನಾನು ಹೇಳ್ತೀನಿ.

ಮೊದಲು ಭಯ ಸ್ವಲ್ಪ ಇಳಿಸೋಣ. ಪಿಎಸ್ಎ 4 ದಾಟಿದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ವಯಸ್ಸಿನ ಜೊತೆ ಗ್ರಂಥಿ ದೊಡ್ಡದಾದರೂ, ಮೂತ್ರದ ಸೋಂಕಾದರೂ ಅದು ಏರುತ್ತೆ. ಖಚಿತವಾಗೋದು ಬಯಾಪ್ಸಿಯಲ್ಲಿ. ಅದರಲ್ಲಿ 'ಗ್ಲೀಸನ್ 6' ಅಂತಿದ್ದರೆ 10ಕ್ಕೆ 6 ಅಂತ ಅಂಕಪಟ್ಟಿ ಥರ ಓದಬೇಡಿ. ಸಾಮಾನ್ಯವಾಗಿ ಕೊಡೋ ಅತಿ ಕಡಿಮೆ ಅಂಕವೇ 6. 8, 9, 10 ಇದ್ದರೆ ವಿಷಯ ಗಂಭೀರ, ತಡ ಮಾಡೋ ಹಾಗಿಲ್ಲ.

ಈಗ ಅಪ್ಪನಿಗೆ ಯಾಕೆ ಹೇಳಬೇಕು ಅಂದ್ರೆ, ಈ ಕಾಯಿಲೆಯಲ್ಲಿ ಆಯ್ಕೆಗಳಿವೆ. ಬ್ರಿಟನ್ನಿನಲ್ಲಿ ರೋಗ ಗ್ರಂಥಿಯೊಳಗೇ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿ ಸುಮಾರು 15 ವರ್ಷ ಗಮನಿಸಿದರು: ಆಪರೇಷನ್, ರೇಡಿಯೇಷನ್, ಬರೀ ನಿಗಾ. 2023ರಲ್ಲಿ ಫಲಿತಾಂಶ ಬಂತು. ಈ ಕ್ಯಾನ್ಸರ್‌ನಿಂದ ಸತ್ತವರು ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಟ್ಟು ನೂರಕ್ಕೆ 3 ಜನ. ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಸುಮಾರು ದುಪ್ಪಟ್ಟು. ಚಿಕಿತ್ಸೆ ತಗೊಂಡರೆ ಮೂತ್ರದ ಹಿಡಿತ, ದಾಂಪತ್ಯದ ಶಕ್ತಿ ಕಡಿಮೆಯಾಗೋ ಸಾಧ್ಯತೆ.

ಈ ತೂಕ ಹಾಕೋದು ಯಾರು? ಮಗನಾ? ಅಳಿಯನಾ? ಆ ದೇಹದಲ್ಲಿ ಬದುಕಬೇಕಾದವರು ಅವರು. ಡಾಕ್ಟರ್ ಮುಂದೆ ಅವರನ್ನು ಹೊರಗೆ ಕೂರಿಸಿ ನಾವು ತೀರ್ಮಾನ ಮಾಡೋದು ನ್ಯಾಯವಲ್ಲ.

"ಅಪ್ಪ ಕುಗ್ಗಿಹೋಗ್ತಾರೆ" ಅಂತೀರಿ. ಆಸ್ಪತ್ರೆಯ ಬೋರ್ಡ್ ಓದೋಕೆ ಅವರಿಗೂ ಬರುತ್ತೆ. ನಿಮ್ಮ ಮುಖ ಓದೋಕಂತೂ ಇನ್ನೂ ಚೆನ್ನಾಗಿ ಬರುತ್ತೆ. ಗೊತ್ತಿದ್ದೂ ಕೇಳಲಾಗದೆ ಒಬ್ಬರೇ ಹೊರೋ ಭಯ ಇನ್ನೂ ಭಾರ. "ನನಗೆ ವಿವರ ಬೇಡ, ನೀವೇ ನೋಡ್ಕೊಳ್ಳಿ" ಅಂತ ಅವರೇ ಅಂದರೆ, ಸರಿ, ಅದೂ ಅವರ ಹಕ್ಕು. ಆದರೆ ಮೊದಲು ಕೇಳಿ.

ಇನ್ನೊಂದು. ತಂದೆಗಿದ್ದರೆ ಗಂಡುಮಕ್ಕಳಿಗೆ, ಅಣ್ಣನಿಗಿದ್ದರೆ ತಮ್ಮನಿಗೆ ಅಪಾಯ ಹೆಚ್ಚು. ಗುಟ್ಟು ಮಾಡಿದರೆ ಚಿಕ್ಕಪ್ಪನೂ ಟೆಸ್ಟ್ ಮಾಡಿಸಲ್ಲ.

ಹಾಗಾದ್ರೆ ಏನು ಮಾಡೋದು? ರಾತ್ರಿ ಹನ್ನೊಂದಕ್ಕೆ ಬಂದ ಪಿಡಿಎಫ್ ಇಟ್ಕೊಂಡು ಗೂಗಲ್ ಮಾಡ್ತಾ ಕೂರಬೇಡಿ. ಬೆಳಗ್ಗೆ ಅಪ್ಪನ ಪಕ್ಕ ಕೂತು ಹೇಳಿ. ಡಾಕ್ಟರ್ ಹತ್ರ ಇಬ್ಬರೂ ಹೋಗಿ. ಚೀಟಿಯಲ್ಲಿ ಮೂರು ಪ್ರಶ್ನೆ ಬರ್ಕೊಳ್ಳಿ: ರೋಗ ಗ್ರಂಥಿಯೊಳಗೇ ಇದೆಯಾ? ಈಗಲೇ ಚಿಕಿತ್ಸೆ ಬೇಕಾ, ನಿಗಾ ಸಾಕಾ? ಚಿಕಿತ್ಸೆಯಾದ ಮೇಲೆ ದಿನನಿತ್ಯದ ಬದುಕು ಹೇಗಿರುತ್ತೆ?

ಪ್ರಶ್ನೆ ಅಪ್ಪನೇ ಕೇಳಲಿ. ನೀವು ಬರ್ಕೊಳ್ಳಿ.

ನಿಮ್ಮನೇಲಿ ಹೇಳಿದ್ರಾ, ಮುಚ್ಚಿಟ್ರಾ? ಕಾಮೆಂಟಲ್ಲಿ ಬರೀರಿ. 👇

#ಅಪ್ಪನಆರೋಗ್ಯ #ಪ್ರಾಸ್ಟೇಟ್ #ಮನೆಮಾತು